ಸಂಕೇತ ಕಡಿದ ಮೇಲೆ: ರೇಡಿಯೊ ಹಿಡಿತದ ಜೆಟ್‌ಗಳ ಸುರಕ್ಷತೆಯ ಚರಿತ್ರೆ

ರೇಡಿಯೊದಿಂದ ನಡೆಸುವ ಜೆಟ್ ವಿಮಾನದ ಪೈಲಟ್ ನೆಲದ ಮೇಲೆ ನಿಂತಿರುತ್ತಾನೆ. ಅವನ ಬೆರಳಿಗೂ ವಿಮಾನದ ರೆಕ್ಕೆಗೂ ನಡುವೆ ರೇಡಿಯೊ ತರಂಗವನ್ನು ಬಿಟ್ಟರೆ ಬೇರೆ ಸಂಬಂಧವಿಲ್ಲ. 10 ಕೆ.ಜಿ. ತೂಕದ ಮಾದರಿ ಜೆಟ್ ಗಂಟೆಗೆ 300 ಕಿ.ಮೀ. ವೇಗದಲ್ಲಿ ಹಾರಿದರೆ ಸೆಕೆಂಡಿಗೆ 83 ಮೀಟರ್ ಸಾಗುತ್ತದೆ. ಆಗ ಅದರ ಚಲನಶಕ್ತಿ ಸುಮಾರು 35 ಸಾವಿರ ಜೂಲ್. ಒಂದು ಟನ್ ತೂಕದ ಕಾರು ಗಂಟೆಗೆ 30 ಕಿ.ಮೀ. ವೇಗದಲ್ಲಿ ಓಡುವಾಗಲೂ ಅದರಲ್ಲಿ ಇರುವುದು ಇಷ್ಟೇ ಶಕ್ತಿ. ಸಾಲದ್ದಕ್ಕೆ ಜೆಟ್‌ನ ಹೊಟ್ಟೆಯಲ್ಲಿ ಸೀಮೆಎಣ್ಣೆ ಇರುತ್ತದೆ, ಬಾಲದಲ್ಲಿ ಕೆಂಪಗೆ ಕಾದ ಟರ್ಬೈನ್ ಇರುತ್ತದೆ. ಸಂಕೇತ ಎರಡೇ ಸೆಕೆಂಡು ತಪ್ಪಿದರೂ ವಿಮಾನ ಯಾರ ಮಾತನ್ನೂ ಕೇಳದೆ 160 ಮೀಟರಿಗೂ ಹೆಚ್ಚು ದೂರ ಹೋಗಿಬಿಡುತ್ತದೆ. ಆದ್ದರಿಂದ ಈ ವಿದ್ಯೆಯ ಚರಿತ್ರೆಯಲ್ಲಿ ಎರಡು ಎಳೆಗಳು ಜೊತೆಜೊತೆಗೆ ಸಾಗಿವೆ. ಸಂಕೇತ ತಪ್ಪದಂತೆ ನೋಡಿಕೊಳ್ಳುವುದು ಮೊದಲನೆಯದು. ತಪ್ಪಿದರೆ ವಿಮಾನ ಏನು ಮಾಡಬೇಕೆಂದು ನೆಲದ ಮೇಲಿರುವಾಗಲೇ ಗೊತ್ತುಮಾಡಿಡುವುದು ಎರಡನೆಯದು. ಎರಡನೆಯ ಎಳೆ ತಡವಾಗಿ ಸೇರಿತು. ಆದರೆ ಜೀವ ಉಳಿಸಿದ್ದು ಹೆಚ್ಚಾಗಿ ಅದೇ. ಈ ಚರಿತ್ರೆಯ ಭಾರತೀಯ ಅಧ್ಯಾಯ ಬಹುಪಾಲು ಕರ್ನಾಟಕದಲ್ಲಿ ನಡೆದದ್ದು.

ತಂತಿಯಿಲ್ಲದೆ ದೂರದ ವಸ್ತುವೊಂದನ್ನು ಕೆಲಸಕ್ಕೆ ಹಚ್ಚಬಹುದು ಎಂಬುದನ್ನು ಜಗದೀಶಚಂದ್ರ ಬೋಸರು 1895ರ ಸುಮಾರಿಗೆ ಕಲ್ಕತ್ತೆಯಲ್ಲಿ ಜನರ ಮುಂದೆಯೇ ತೋರಿಸಿದ್ದರು. ಗೋಡೆಗಳನ್ನು ದಾಟಿಹೋದ ತರಂಗಗಳಿಂದ ಅವರು ಗಂಟೆ ಬಾರಿಸಿದರು, ಮದ್ದು ಸಿಡಿಸಿದರು. 1898ರಲ್ಲಿ ನಿಕೊಲ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀರಿನ ತೊಟ್ಟಿಯೊಳಗೆ ಪುಟ್ಟ ದೋಣಿಯೊಂದನ್ನು ರೇಡಿಯೊದಿಂದ ಓಡಿಸಿ ತೋರಿಸಿದ. ಅದೇ ವರ್ಷ ನವೆಂಬರಿನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ದೋಣಿಗೆ ಸಂಕೇತ ತಪ್ಪಿದರೆ ಅದು ನಿಂತಲ್ಲೇ ತೇಲುತ್ತದೆ. ವಿಮಾನಕ್ಕೆ ಆ ಸೌಕರ್ಯವಿಲ್ಲ.

ಆಕಾಶಕ್ಕೆ ಈ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ಒಯ್ದದ್ದು ಸೈನ್ಯದ ಅಗತ್ಯ. ವಿಮಾನ ಹೊಡೆಯುವ ತೋಪಿನವರಿಗೆ ಗುರಿ ಅಭ್ಯಾಸ ಮಾಡಲು ಒಳಗೆ ಮನುಷ್ಯರಿಲ್ಲದ ವಿಮಾನ ಬೇಕಿತ್ತು. ಬ್ರಿಟನ್ 1935ರಲ್ಲಿ ಹಾರಿಸಿದ ‘ಕ್ವೀನ್ ಬೀ’ ಇಂಥದ್ದು. ಟೈಗರ್ ಮಾತ್ ತರಬೇತಿ ವಿಮಾನದಿಂದ ರೂಪಿಸಿದ ಇದನ್ನು ನೆಲದಿಂದ ರೇಡಿಯೊ ಮೂಲಕ ನಡೆಸುತ್ತಿದ್ದರು. ಇಂಥ ವಿಮಾನ ಕೆಟ್ಟರೂ ಸಮುದ್ರದ ಮೇಲೋ ನಿರ್ಜನ ಬಯಲಿನ ಮೇಲೋ ಬೀಳುವಂತೆ ಹಾರಾಟದ ಜಾಗವನ್ನು ಆರಿಸಿಕೊಳ್ಳುವುದೇ ಆ ಕಾಲದ ಮುಖ್ಯ ಸುರಕ್ಷತಾ ಕ್ರಮವಾಗಿತ್ತು. ಎಲ್ಲಿ ಹಾರಿಸಬೇಕು ಎಂಬ ಆ ಎಚ್ಚರಿಕೆಗೆ ಇವತ್ತಿಗೂ ಬೆಲೆ ಕಡಿಮೆಯಾಗಿಲ್ಲ.

ಎರಡನೇ ಮಹಾಯುದ್ಧ ಇನ್ನೊಂದು ಪಾಠ ಕಲಿಸಿತು. 1943ರ ಸೆಪ್ಟೆಂಬರ್ 9ರಂದು ಜರ್ಮನ್ ವಿಮಾನಗಳು ‘ಫ್ರಿಟ್ಸ್ ಎಕ್ಸ್’ ಎಂಬ ರೇಡಿಯೊ ನಿಯಂತ್ರಿತ ಬಾಂಬುಗಳಿಂದ ಇಟಲಿಯ ‘ರೋಮಾ’ ಯುದ್ಧನೌಕೆಯನ್ನು ಮುಳುಗಿಸಿದವು. ಮಿತ್ರಪಡೆಗಳು ಆ ಬಾಂಬುಗಳ ಸಂಕೇತದ ಆವರ್ತನ ಕಂಡುಹಿಡಿದು, ಅದೇ ಆವರ್ತನದಲ್ಲಿ ಗದ್ದಲ ಎಬ್ಬಿಸುವ ಯಂತ್ರಗಳನ್ನು ಹಡಗುಗಳಿಗೆ ಅಳವಡಿಸತೊಡಗಿದವು. ಒಂದೇ ಆವರ್ತನವನ್ನು ನಂಬಿದ ನಿಯಂತ್ರಣ ಎಷ್ಟು ದುರ್ಬಲವೆಂದು ಆಗ ಗೊತ್ತಾಯಿತು. ಇದಕ್ಕೆ ಪರಿಹಾರ ಆಗಲೇ ಕಾಗದದ ಮೇಲಿತ್ತು. ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೀಲ್ 1942ರ ಆಗಸ್ಟ್‌ನಲ್ಲಿ ಪಡೆದ ಪೇಟೆಂಟಿನಲ್ಲಿ, ಟಾರ್ಪೆಡೊಗೆ ಕಳಿಸುವ ಸಂಕೇತ 88 ಆವರ್ತನಗಳ ನಡುವೆ ಜಿಗಿಯುತ್ತಾ ಹೋಗುವ ಉಪಾಯವಿತ್ತು. ಕಳಿಸುವವನಿಗೂ ಪಡೆಯುವ ಯಂತ್ರಕ್ಕೂ ಜಿಗಿತದ ಕ್ರಮ ಗೊತ್ತಿರುತ್ತದೆ, ಶತ್ರುವಿಗೆ ಗೊತ್ತಿರುವುದಿಲ್ಲ. ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆ ಇದನ್ನು ಬಳಸಲಿಲ್ಲ. ಹವ್ಯಾಸಿಗಳ ಕೈಗೆ ಈ ತತ್ವ ತಲುಪಲು 60 ವರ್ಷ ದಾಟಬೇಕಾಯಿತು.

ಹವ್ಯಾಸಿಗಳ ರೇಡಿಯೊ ವಿಮಾನ 1937ರಲ್ಲಿ ಅಮೆರಿಕದ ವಾಲ್ಟ್ ಮತ್ತು ಬಿಲ್ ಗುಡ್ ಎಂಬ ಸಹೋದರರ ‘ಗಫ್’ನೊಂದಿಗೆ ಹಾರಿತು. ಮೊದಲ ರಿಸೀವರ್‌ಗಳಲ್ಲಿ ವಾಲ್ವುಗಳಿದ್ದವು, ಭಾರದ ಬ್ಯಾಟರಿಗಳಿದ್ದವು. ಪಕ್ಕದಲ್ಲಿ ಇನ್ನೊಬ್ಬ ಟ್ರಾನ್ಸ್‌ಮಿಟರ್ ಹಚ್ಚಿದರೆ ಗೊಂದಲವಾಗುತ್ತಿತ್ತು. ಟ್ರಾನ್ಸಿಸ್ಟರ್ ಬಂದು ತೂಕ ಇಳಿಸಿತು. ಕ್ರಿಸ್ಟಲ್ ಹಾಕಿದ ರಿಸೀವರ್ ತನಗೆ ಗೊತ್ತುಮಾಡಿದ ಆವರ್ತನವನ್ನು ಮಾತ್ರ ಹಿಡಿಯತೊಡಗಿತು. ಅಮೆರಿಕದಲ್ಲಿ 27 ಮತ್ತು 72 ಮೆಗಾಹರ್ಟ್ಸ್, ಬ್ರಿಟನ್ನಿನಲ್ಲಿ 35 ಮೆಗಾಹರ್ಟ್ಸ್ ಮಾದರಿ ವಿಮಾನಗಳ ಆವರ್ತನ ಪಟ್ಟಿಗಳಾದವು. 72 ಮೆಗಾಹರ್ಟ್ಸ್ ತರಂಗದ ಉದ್ದ ನಾಲ್ಕು ಮೀಟರಿಗೂ ಹೆಚ್ಚು, ಆದ್ದರಿಂದ ವಿಮಾನದ ಹಿಂದೆ ಆಂಟೆನಾ ತಂತಿ ಜೋತಾಡುತ್ತಿತ್ತು. ಒಂದೇ ಚಾನೆಲ್‌ನಲ್ಲಿ ಇಬ್ಬರು ಟ್ರಾನ್ಸ್‌ಮಿಟರ್ ಹಚ್ಚಿದರೆ ಹಾರುತ್ತಿದ್ದ ವಿಮಾನ ಬೀಳುವುದು ಖಚಿತ. ಇದನ್ನು ತಡೆಯಲು ಕ್ಲಬ್ಬುಗಳು ಮೈದಾನದಲ್ಲಿ ಒಂದು ಹಲಗೆ ನೆಟ್ಟು ಪ್ರತಿ ಚಾನೆಲ್‌ಗೆ ಒಂದೇ ಕ್ಲಿಪ್ ಇಟ್ಟವು. ಕ್ಲಿಪ್ ಯಾರ ಬಳಿ ಇದೆಯೋ ಅವರು ಮಾತ್ರ ಟ್ರಾನ್ಸ್‌ಮಿಟರ್ ಹಚ್ಚಬೇಕು. ಬಿಡಿಗಾಸಿನ ಈ ವ್ಯವಸ್ಥೆ ಉಳಿಸಿದಷ್ಟು ವಿಮಾನಗಳನ್ನು ದುಬಾರಿ ಉಪಕರಣಗಳೂ ಉಳಿಸಿರಲಾರವು.

ಮುಂದೆ ಬಂದ ಪಿಸಿಎಂ ರಿಸೀವರ್‌ಗಳು ಆಜ್ಞೆಯನ್ನು ಅಂಕಿಗಳಾಗಿ ಪಡೆದು, ಅಂಕಿಗಳಲ್ಲಿ ತಪ್ಪಿದೆಯೇ ಎಂದು ಪರೀಕ್ಷಿಸಿ, ಕೆಟ್ಟ ಆಜ್ಞೆಯನ್ನು ತಳ್ಳಿಹಾಕುತ್ತಿದ್ದವು. ಒಳ್ಳೆಯ ಆಜ್ಞೆ ಬರುವವರೆಗೆ ಕೊನೆಯ ಸ್ಥಿತಿಯನ್ನೇ ಹಿಡಿದಿಡುವುದೋ, ಮೊದಲೇ ಗೊತ್ತುಮಾಡಿದ ಸ್ಥಿತಿಗೆ ಹೋಗುವುದೋ ಎಂದು ಪೈಲಟ್ ಆರಿಸಬಹುದಿತ್ತು. ಈ ಎರಡನೆಯ ಆಯ್ಕೆಯೇ ಫೇಲ್‌ಸೇಫ್. ಅಲ್ಲಿಯತನಕ ಸಂಕೇತ ಕೆಟ್ಟರೆ ವಿಮಾನ ನಡುಗಿ, ಸೆಳೆದಾಡಿ ತನ್ನ ಅವಸ್ಥೆಯನ್ನು ತೋರಿಸುತ್ತಿತ್ತು. ಪೈಲಟ್‌ಗೆ ಒಂದಿಷ್ಟು ಮುನ್ಸೂಚನೆ ಸಿಗುತ್ತಿತ್ತು. ಪಿಸಿಎಂ ಆ ಮುನ್ಸೂಚನೆಯನ್ನು ಕಿತ್ತುಕೊಂಡು, ಅದರ ಬದಲಿಗೆ ಯೋಚಿಸಿಟ್ಟ ಒಂದು ಉತ್ತರವನ್ನು ಕೊಟ್ಟಿತು. ಉತ್ತರವನ್ನು ಯೋಚಿಸಿಯೇ ಇಡದವರಿಗೆ ಎರಡೂ ಇಲ್ಲವಾಯಿತು.

ಭಾರತದಲ್ಲಿ ಈ ಹವ್ಯಾಸ ಇಷ್ಟು ಸಲೀಸಾಗಿ ಬೆಳೆಯಲಿಲ್ಲ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಎನ್‌ಸಿಸಿ ವಾಯುದಳದ ವಿದ್ಯಾರ್ಥಿಗಳು ತಂತಿ ಹಿಡಿದು ಸುತ್ತು ಹಾರಿಸುವ ಕಂಟ್ರೋಲ್‌ಲೈನ್ ಮಾದರಿಗಳಲ್ಲಿ ಪಳಗಿದರು. ರೇಡಿಯೊದಿಂದ ಜೆಟ್ ಹಾರಿಸುವ ಕೆಲಸ ಸರ್ಕಾರಿ ಪ್ರಯೋಗಾಲಯಗಳ ಪಾಲಿಗೆ ಬಂತು, ಅದರ ಕೇಂದ್ರ ಬೆಂಗಳೂರಾಯಿತು.

1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್, ಅಂದರೆ ಎಡಿಇ, ಮೂರೂ ಸೇನೆಗಳಿಗೆ ಬೇಕಾದ ಗುರಿ ವಿಮಾನವನ್ನು ದೇಶದಲ್ಲೇ ಮಾಡಲು ಹೊರಟಿತು. 1980ರಲ್ಲಿ ಮಂಜೂರಾತಿ ಸಿಕ್ಕಿತು, 1980ರ ದಶಕದ ನಡುವಿನಲ್ಲಿ ಹಾರಾಟಗಳು ಮೊದಲಾದವು. ಅದೇ ‘ಲಕ್ಷ್ಯ’. ಸುಮಾರು 700 ಕೆ.ಜಿ. ತೂಕ, ಆರು ಮೀಟರಿಗೆ ತುಸು ಕಡಿಮೆ ಉದ್ದ, ಮೂರು ಮೀಟರ್ ರೆಕ್ಕೆ. ಆರಂಭದಲ್ಲಿ ಹೊರದೇಶದ ಎಂಜಿನ್ನಿನಿಂದ ಹಾರಿದ ಇದಕ್ಕೆ ಎಚ್‌ಎಎಲ್ ಬೆಂಗಳೂರಿನಲ್ಲೇ ಪಿಟಿಎಇ-7 ಎಂಬ ಪುಟ್ಟ ಜೆಟ್ ಎಂಜಿನ್ ರೂಪಿಸಿಕೊಟ್ಟಿತು. 2000ದ ನವೆಂಬರಿನಲ್ಲಿ ಲಕ್ಷ್ಯ ವಿಧಿವತ್ತಾಗಿ ವಾಯುಪಡೆಗೆ ಸೇರಿತು. ಮಂಜೂರಾತಿಯಿಂದ ಸೇರ್ಪಡೆಗೆ 20 ವರ್ಷ ಹಿಡಿದದ್ದನ್ನು ಬರೀ ವಿಳಂಬವೆಂದು ಎಣಿಸಿದರೆ ಅನ್ಯಾಯವಾದೀತು. ನೆಲದಿಂದ ಬಿಟ್ಟ ಜೆಟ್ಟನ್ನು ಮರಳಿ ಪಡೆದು ಮತ್ತೆ ಹಾರಿಸುವಷ್ಟು ನಂಬಿಕೆ ಗಳಿಸಬೇಕಾದರೆ ಅಷ್ಟು ಕಾಲದ ದುಡಿಮೆ ಬೇಕಿತ್ತು.

ಲಕ್ಷ್ಯದ ವಿನ್ಯಾಸದಲ್ಲಿ ಸುರಕ್ಷತೆಯ ವಿಚಾರ ಎದ್ದು ಕಾಣುತ್ತದೆ. ಅದಕ್ಕೆ ಗಾಲಿಗಳಿಲ್ಲ, ರನ್‌ವೇ ಬೇಕಿಲ್ಲ. ರಾಕೆಟ್ ಬೂಸ್ಟರ್ ಅದನ್ನು ಲಾಂಚರ್‌ನಿಂದ ಮೇಲಕ್ಕೆ ಚಿಮ್ಮಿಸುತ್ತದೆ. ಹೊಡೆತ ತನಗೇ ಬೀಳದಂತೆ ಅದು ಗುರಿಯನ್ನು ಸುಮಾರು ಒಂದೂವರೆ ಕಿ.ಮೀ. ಉದ್ದದ ಹಗ್ಗದ ತುದಿಯಲ್ಲಿ ಎಳೆದೊಯ್ಯುತ್ತದೆ. ಕೆಲಸ ಮುಗಿದ ಮೇಲೆ ಎಂಜಿನ್ ನಿಲ್ಲಿಸಿ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ; ನೆಲಕ್ಕೆ ತಾಗುವಾಗ ಮೂತಿಯ ಭಾಗ ಕುಗ್ಗಿ ಹೊಡೆತವನ್ನು ನುಂಗಿಕೊಳ್ಳುತ್ತದೆ. ವೇಗದ ಜೆಟ್ಟನ್ನು ರೇಡಿಯೊದಿಂದ ರನ್‌ವೇಗೆ ಇಳಿಸುವುದು ಇಡೀ ಹಾರಾಟದಲ್ಲೇ ಕಠಿಣವಾದ ಹೊತ್ತು, ಸಂಕೇತ ಒಂದಿಷ್ಟೂ ತಡವಾಗಬಾರದ ಹೊತ್ತು. ಪ್ಯಾರಾಚೂಟ್ ಆ ಹೊತ್ತನ್ನೇ ತೆಗೆದುಹಾಕಿತು. ಪರೀಕ್ಷೆಗಳು ಒಡಿಶಾದ ಚಾಂದಿಪುರದಲ್ಲಿ ಸಮುದ್ರದ ಮೇಲೆ ನಡೆದದ್ದೂ ಇದೇ ಎಚ್ಚರಿಕೆಯ ಭಾಗ. ಮುಂದೆ 2010ರ ಡಿಸೆಂಬರಿನಲ್ಲಿ ಹಾರಿದ ಲಕ್ಷ್ಯ-2 ಸಮುದ್ರದ ಮೇಲೆ ಬರೀ 15 ಮೀಟರ್ ಎತ್ತರಕ್ಕೆ ಇಳಿದು ಸಾಗಿತು. ಅಷ್ಟು ಕೆಳಗೆ ನೆಲದ ಮನುಷ್ಯನ ಆಜ್ಞೆ ಸಾಲದು, ವಿಮಾನವೇ ತನ್ನ ಎತ್ತರವನ್ನು ಕ್ಷಣಕ್ಷಣಕ್ಕೂ ಕಾಯ್ದುಕೊಳ್ಳಬೇಕು.

ಲಕ್ಷ್ಯ ರೂಪುಗೊಳ್ಳುತ್ತಿದ್ದ ಕಾಲದಲ್ಲೇ ಯುರೋಪಿನಲ್ಲಿ ಜೆಟ್ ಎಂಜಿನ್ ಹವ್ಯಾಸಿಗಳ ಮೇಜಿಗೆ ಬಂತು. 1983ರಲ್ಲಿ ಇಂಗ್ಲೆಂಡಿನಲ್ಲಿ ಜೆರಿ ಜಾಕ್‌ಮನ್ ಮತ್ತವರ ಸಂಗಡಿಗರು ಗ್ಯಾಸ್ ಟರ್ಬೈನ್ ಹಾಕಿದ ಮಾದರಿ ವಿಮಾನವನ್ನು ಹಾರಿಸಿದರು. ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಮನೆಯ ಕಾರ್ಯಾಗಾರದಲ್ಲಿ ಮಾಡಬಹುದಾದ ಟರ್ಬೈನನ್ನು ರೂಪಿಸಿ ಅದರ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದ. 1990ರ ದಶಕದಲ್ಲಿ ತಯಾರಾದ ಟರ್ಬೈನ್‌ಗಳು ಅಂಗಡಿಗೆ ಬಂದವು. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಈ ಎಂಜಿನ್ ಥ್ರಾಟಲ್ ತಳ್ಳಿದ ಕೂಡಲೇ ಪ್ರೊಪೆಲ್ಲರ್ ಎಂಜಿನ್ನಿನಂತೆ ಎಚ್ಚರಗೊಳ್ಳುವುದಿಲ್ಲ, ಪೂರ್ಣ ಬಲಕ್ಕೆ ಏರಲು ಕೆಲವು ಸೆಕೆಂಡು ಬೇಕು. ಅದಕ್ಕೆ ತನ್ನದೇ ಎಲೆಕ್ಟ್ರಾನಿಕ್ ನಿಯಂತ್ರಕ ಇರುತ್ತದೆ. ಉಷ್ಣತೆ, ಸುತ್ತು, ಇಂಧನದ ಪಂಪು ಎಲ್ಲವನ್ನೂ ಅದೇ ನೋಡಿಕೊಂಡು, ಮಿತಿ ಮೀರಿದರೆ ಎಂಜಿನ್ ನಿಲ್ಲಿಸುತ್ತದೆ.

ಮಾದರಿ ಜೆಟ್ ಬಿದ್ದಾಗ ಎಲ್ಲರೂ ಮೊದಲು ದೂರುವುದು ರೇಡಿಯೊವನ್ನು. ಅವಶೇಷಗಳನ್ನು ಬಿಚ್ಚಿ ನೋಡಿದರೆ ಕಾರಣ ಬಹಳ ಸಲ ರೇಡಿಯೊ ತರಂಗದಲ್ಲಿ ಸಿಗುವುದಿಲ್ಲ. ಹಳೆಯ ಬ್ಯಾಟರಿ, ಸಡಿಲಗೊಂಡ ಕನೆಕ್ಟರ್, ಕಂಪನಕ್ಕೆ ಸವೆದ ಸ್ವಿಚ್, ಉಜ್ಜಿ ಹರಿದ ತಂತಿ, ಇವೇ ಸಿಗುತ್ತವೆ. ರೆಕ್ಕೆ, ಬಾಲ, ಗಾಲಿಗಳನ್ನು ಅಲುಗಿಸುವ ಪುಟ್ಟ ಮೋಟಾರುಗಳು, ಅಂದರೆ ಡಿಜಿಟಲ್ ಸರ್ವೊಗಳು, ಒಟ್ಟಿಗೆ ಎಳೆದಾಗ ಬ್ಯಾಟರಿಯ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ. ಕುಸಿತ ಒಂದು ಮಿತಿಗಿಂತ ಕೆಳಗಿಳಿದರೆ ರಿಸೀವರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಆರಂಭದ ಡಿಜಿಟಲ್ ರಿಸೀವರ್‌ಗಳು ಹೀಗೆ ಎಚ್ಚರಾಗಿ ಟ್ರಾನ್ಸ್‌ಮಿಟರನ್ನು ಹುಡುಕುವಷ್ಟರಲ್ಲಿ ಸೆಕೆಂಡುಗಳೇ ಕಳೆಯುತ್ತಿದ್ದವು, ಜೆಟ್‌ಗೆ ಅಷ್ಟು ಸಾಕು. ಈ ಅನುಭವದಿಂದಲೇ ಎರಡು ಬ್ಯಾಟರಿ, ಎರಡು ಸ್ವಿಚ್, ಬೇರೆ ಬೇರೆ ಕಡೆ ಕೂರಿಸಿದ ಎರಡು ರಿಸೀವರ್ ಹಾಕುವ ರೂಢಿ ದೊಡ್ಡ ಜೆಟ್‌ಗಳಲ್ಲಿ ನೆಲೆಯಾಯಿತು. ಜೆಟ್‌ನ ಒಡಲೂ ಅಡ್ಡಿಯಾಗಬಹುದು. ಕಾರ್ಬನ್ ಫೈಬರ್ ರೇಡಿಯೊ ತರಂಗವನ್ನು ತಡೆಯುತ್ತದೆ, ಲೋಹದ ಎಂಜಿನ್ ಮತ್ತು ತುಂಬಿದ ಟ್ಯಾಂಕು ನೆರಳು ಹಾಕುತ್ತವೆ. ಅದಕ್ಕೇ ಎರಡು ಆಂಟೆನಾಗಳನ್ನು ಒಂದಕ್ಕೊಂದು ಲಂಬವಾಗಿ ಇಡುತ್ತಾರೆ. ಟ್ರಾನ್ಸ್‌ಮಿಟರಿನ ಶಕ್ತಿಯನ್ನು ತಗ್ಗಿಸಿ, ನಡೆದು ದೂರ ಹೋಗಿ, ಎಂಜಿನ್ ಓಡುವಾಗಲೂ ನಿಂತಾಗಲೂ ರೇಂಜ್ ಪರೀಕ್ಷಿಸುತ್ತಾರೆ. ಇದನ್ನು ಬೇಸರವಿಲ್ಲದೆ ಪ್ರತಿ ಹಾರಾಟದ ದಿನವೂ ಮಾಡುವವರ ವಿಮಾನಗಳೇ ಬಹುಕಾಲ ಉಳಿಯುತ್ತವೆ.

ಟರ್ಬೈನ್ ಮಾದರಿಗಳಿಗೆ ಫೇಲ್‌ಸೇಫ್ ಕಡ್ಡಾಯವಾದದ್ದು ಸಹಜ. ಬ್ರಿಟನ್ನಿನಲ್ಲಿ 7 ಕೆ.ಜಿ.ಗೂ ಹೆಚ್ಚು ತೂಕದ, ಎಂಜಿನ್ ಇರುವ ಮಾದರಿಗಳಲ್ಲಿ ಸಂಕೇತ ತಪ್ಪಿದರೆ ಎಂಜಿನ್ ಕನಿಷ್ಠ ಐಡ್ಲಿಂಗಿಗಾದರೂ ಇಳಿಯಬೇಕೆಂದು ನಿಯಮವಾಯಿತು. ಇದರ ಹಿಂದಿನ ಲೆಕ್ಕ ಕಠೋರವಾದದ್ದು. ಫೇಲ್‌ಸೇಫ್ ವಿಮಾನವನ್ನು ಉಳಿಸಲು ಇರುವುದಲ್ಲ. ಎಂಜಿನ್ ನಿಂತ ಜೆಟ್ ಹೆಚ್ಚಾಗಿ ಬೀಳುತ್ತದೆ, ಆದರೆ ಹತ್ತಿರದಲ್ಲಿ, ಕಡಿಮೆ ವೇಗದಲ್ಲಿ, ಇಂಧನದ ಪಂಪು ನಿಂತ ಸ್ಥಿತಿಯಲ್ಲಿ ಬೀಳುತ್ತದೆ. ಲಕ್ಷಗಟ್ಟಲೆ ಬೆಲೆಯ ತನ್ನ ವಿಮಾನವನ್ನು ಬೀಳಿಸುವ ಆಜ್ಞೆಯನ್ನು ಮಾಲೀಕ ತನ್ನ ಕೈಯಾರೆ ಅದರೊಳಗೆ ಬರೆದಿಡಬೇಕು. ಹವ್ಯಾಸಿಗಳು ಇದನ್ನು ಒಪ್ಪಿ ನಡೆದದ್ದು ಗೌರವಕ್ಕೆ ತಕ್ಕ ಸಂಗತಿ.

2005ರಲ್ಲಿ ಎರಡು ಘಟನೆಗಳು ಒಟ್ಟಿಗೆ ಕೂಡಿದವು. ಹವ್ಯಾಸಿಗಳಿಗಾಗಿ 2.4 ಗಿಗಾಹರ್ಟ್ಸ್ ಸ್ಪ್ರೆಡ್ ಸ್ಪೆಕ್ಟ್ರಂ ಸೆಟ್ಟುಗಳು ಮಾರುಕಟ್ಟೆಗೆ ಬಂದವು. ಅದೇ ವರ್ಷದ ಜನವರಿಯಲ್ಲಿ ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. ಇಲ್ಲಿ ತರಂಗದ ಉದ್ದ ಬರೀ 12.5 ಸೆಂ.ಮೀ., ಆಂಟೆನಾ ಬೆರಳಿಗಿಂತ ಚಿಕ್ಕದು. ಪ್ರತಿ ರಿಸೀವರೂ ತನ್ನ ಟ್ರಾನ್ಸ್‌ಮಿಟರಿನ ಗುರುತನ್ನು ಮೊದಲೇ ಕಲಿತಿರುತ್ತದೆ, ಬೇರೆಯವರ ಸಂಕೇತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಂಕೇತ ಹಲವು ಆವರ್ತನಗಳಲ್ಲಿ ಹರಡುತ್ತದೆ ಅಥವಾ ಜಿಗಿಯುತ್ತದೆ. ಲಮಾರ್ ಮತ್ತು ಆಂಥೀಲರ ತತ್ವ ಕೊನೆಗೂ ಆಟದ ಮೈದಾನಕ್ಕೆ ಬಂದಿತ್ತು. ಕ್ಲಿಪ್ಪಿನ ಹಲಗೆ ಮೂಲೆ ಸೇರಿತು. ಬೇರೊಬ್ಬರ ಸಂಕೇತದಿಂದಾಗುವ ಅಪಘಾತ ಅಪರೂಪವಾಯಿತು; ಬ್ಯಾಟರಿ, ತಂತಿ, ಮನುಷ್ಯನ ತೀರ್ಮಾನ ಹಾಗೆಯೇ ಉಳಿದವು.

ಮನುಷ್ಯನ ತೀರ್ಮಾನಕ್ಕೆ ಕರ್ನಾಟಕದ ಗಡಿಯಲ್ಲೇ ಒಂದು ಉದಾಹರಣೆ ಇದೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ಹಗುರ ವಿಮಾನಗಳ ಕೆಲಸಕ್ಕೆ ಹೆಸರಾದ ಪ್ರೊ. ರುಸ್ತುಂ ದಮಾನಿಯಾ ಅವರ ನೆನಪಿಗೆ ಹೆಸರಿಟ್ಟ ‘ರುಸ್ತುಂ-1’ ಎಂಬ ಪೈಲಟ್ ಇಲ್ಲದ ವಿಮಾನ 2009ರ ನವೆಂಬರ್ 16ರಂದು ಹೊಸೂರಿನ ಬಳಿ ಮೊದಲ ಸಲ ಹಾರಿತು. ನೆಲದ ಮೇಲಿನ ಓಟ, ಟೇಕಾಫ್ ಎಲ್ಲವೂ ಸರಿಯಾಗಿಯೇ ನಡೆದವು. ಇಳಿಯುವ ಹೊತ್ತಿಗೆ ನೆಲದಲ್ಲಿದ್ದವರು ವಿಮಾನದ ಎತ್ತರವನ್ನು ತಪ್ಪಾಗಿ ಅಂದಾಜು ಮಾಡಿದರು, ನೆಲದ ಆಜ್ಞೆಯಿಂದ ಎಂಜಿನ್ ಆರಿತು, ವಿಮಾನ ಬಿತ್ತು. ಆಜ್ಞೆ ನಿಖರವಾಗಿ ತಲುಪಿತ್ತು, ಆಜ್ಞೆಯೇ ತಪ್ಪಾಗಿತ್ತು. ಸಂಕೇತದ ವಿಶ್ವಾಸಾರ್ಹತೆಯೊಂದರಿಂದಲೇ ಸುರಕ್ಷತೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. 2010ರ ಅಕ್ಟೋಬರ್ 16ರಂದು ರುಸ್ತುಂ-1 ಯಶಸ್ವಿಯಾಗಿ ಹಾರಿತು. ಎಡಿಇ ಕೋಲಾರದಲ್ಲಿ ಪರೀಕ್ಷಿಸಿದ, ಪೈಲಟ್ ಇಲ್ಲದ ಇನ್ನೊಂದು ವಿಮಾನ ‘ನಿಶಾಂತ್’ ಅಷ್ಟು ಅದೃಷ್ಟ ಕಾಣಲಿಲ್ಲ. ಸೇನೆಗೆ ಕೊಟ್ಟ ನಾಲ್ಕೂ ನಿಶಾಂತ್‌ಗಳು ಒಂದೊಂದಾಗಿ ಅಪಘಾತಕ್ಕೀಡಾಗಿ, 2015ರಲ್ಲಿ ಸೇನೆ ಅದನ್ನು ಕೈಬಿಟ್ಟಿತು.

ಇಂಥ ವಿಮಾನಗಳಿಗೆ ಜನವಸತಿಯಿಂದ ದೂರದ ಸ್ವಂತ ರನ್‌ವೇ ಬೇಕೆಂಬುದು ಬಹುದಿನದ ಬೇಡಿಕೆಯಾಗಿತ್ತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ 4,290 ಎಕರೆಯ ಏರೋನಾಟಿಕಲ್ ಟೆಸ್ಟ್ ರೇಂಜ್ 2017ರ ಮೇ 28ರಂದು ಉದ್ಘಾಟನೆಯಾಯಿತು. ರುಸ್ತುಂ-2 ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ ಅಲ್ಲಿಂದ ಹಾರಿತ್ತು. 2022ರ ಜುಲೈ 1ರಂದು ಪುಟ್ಟ ಟರ್ಬೋಫ್ಯಾನ್ ಎಂಜಿನ್ನಿನ ಹಾರುವ ರೆಕ್ಕೆಯ ಮಾದರಿಯೊಂದು ಅಲ್ಲಿ ಟೇಕಾಫ್‌ನಿಂದ ಲ್ಯಾಂಡಿಂಗ್‌ವರೆಗೆ ಪೂರ್ತಿ ಸ್ವಯಂಚಾಲಿತವಾಗಿ ಹಾರಿತು. ಕೈಯಿಂದ ನಡೆಸುವ ಜೆಟ್‌ಗೂ ಇದಕ್ಕೂ ಇರುವ ಅಂತರ ದೊಡ್ಡದು. ಇಲ್ಲಿ ರೇಡಿಯೊ ಹೇಳುವುದು ಎಲ್ಲಿಗೆ ಹೋಗಬೇಕೆಂಬುದನ್ನು. ರೆಕ್ಕೆಯನ್ನು ಸಮವಾಗಿಡುವುದು ವಿಮಾನದೊಳಗಿನ ಕಂಪ್ಯೂಟರಿನ ಕೆಲಸ. ಸಂಕೇತ ಕಡಿದ ಮಾತ್ರಕ್ಕೆ ವಿಮಾನ ಕೆಡಬೇಕಿಲ್ಲ. 2023ರ ಜೂನ್ 16ರಂದು ‘ತಪಸ್’ ಎಂಬ ಹೊಸ ಹೆಸರಿನಲ್ಲಿ ರುಸ್ತುಂ-2 ಇದೇ ರೇಂಜಿನಿಂದ ಮೇಲೆದ್ದು 20,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ, ಕಾರವಾರದಿಂದ 148 ಕಿ.ಮೀ. ದೂರದ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ಅದರ ಹಿಡಿತವನ್ನು ವಹಿಸಿಕೊಂಡು 40 ನಿಮಿಷ ನಡೆಸಿ ಮರಳಿ ಒಪ್ಪಿಸಿತು. ಎರಡು ತಿಂಗಳ ಬಳಿಕ, ಆಗಸ್ಟ್ 20ರಂದು, ಅದೇ ಬಗೆಯ ವಿಮಾನ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿಯ ಬಳಿಯೂ ಒಂದು ಬಿದ್ದಿತ್ತು. ಎರಡು ಸಲವೂ ಬಿದ್ದದ್ದು ಊರಿನೊಳಗಲ್ಲ, ಹೊಲದಲ್ಲಿ.

ಕಾನೂನು ಹಿಂದಿನಿಂದ ಬಂತು. 2014ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಖಾಸಗಿಯವರು ಪೈಲಟ್ ಇಲ್ಲದ ವಿಮಾನ ಹಾರಿಸುವುದನ್ನೇ ನಿಲ್ಲಿಸಿತು. 2018ರ ಡಿಸೆಂಬರಿನಿಂದ ಮೊದಲ ನಿಯಮಗಳು ಜಾರಿಯಾದವು. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳು ಅವನ್ನು ಸಡಿಲಿಸಿ ಸರಳಗೊಳಿಸಿದವು. ಮಾದರಿ ಜೆಟ್‌ಗೆ ಇವುಗಳಲ್ಲಿ ಪ್ರತ್ಯೇಕ ಸ್ಥಾನವಿದೆ. 25 ಕೆ.ಜಿ. ಮೀರದ, ಶಿಕ್ಷಣ, ಸಂಶೋಧನೆ, ಪರೀಕ್ಷೆ ಅಥವಾ ಹವ್ಯಾಸಕ್ಕೆ ಮಾತ್ರ ಬಳಸುವ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ ಮಾದರಿಗೆ, ವಿನ್ಯಾಸವನ್ನು ಪರೀಕ್ಷಿಸಿ ಕೊಡುವ ಟೈಪ್ ಸರ್ಟಿಫಿಕೇಟ್ ಬೇಕಿಲ್ಲ. ಡ್ರೋನ್ ಹಾರಾಟದ ನಕ್ಷೆಯಲ್ಲಿ ಹಸಿರು ಎಂದು ಗುರುತಿಸಿದ ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಮುಂಗಡ ಅನುಮತಿಯ ಅಗತ್ಯವಿಲ್ಲ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ನಡುವೆ ಆ ಮಿತಿ 200 ಅಡಿ, 8 ಕಿ.ಮೀ. ಒಳಗೆ ನೆಲದಿಂದಲೇ ಅನುಮತಿ ಬೇಕು.

ಈ ನಿಯಮಗಳು ಹೊಲದ ಮೇಲೆ ಹಾರುವ ಡ್ರೋನ್‌ಗೂ ಅನ್ವಯಿಸುತ್ತವೆ. ಉದಾಹರಣೆಗೆ, ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪಟ್ಟಣಗಳು ಬುರಣಾಪುರದ ವಿಮಾನ ನಿಲ್ದಾಣದ ಈ 12 ಕಿ.ಮೀ. ವ್ಯಾಪ್ತಿಯ ಆಚೆಗಿವೆ. ಇಲ್ಲಿಯ ಆಕಾಶಕ್ಕೆ ರೇಡಿಯೊ ನಿಯಂತ್ರಣ ಬಂದದ್ದು ಬೇಸಾಯದ ಕೈ ಹಿಡಿದು. ತೊಗರಿ ಆಳೆತ್ತರ ಬೆಳೆದು ಹೂ ಬಿಡುವ ಹೊತ್ತಿಗೆ ಸಾಲಿನ ನಡುವೆ ಪಂಪು ಹೊತ್ತು ನಡೆಯುವುದು ಕಷ್ಟ, ಔಷಧಿ ಹೊಡೆಯುವವನ ಮುಖಕ್ಕೇ ಸಿಡಿಯುತ್ತದೆ. ಡ್ರೋನ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಯಂತ್ರ. ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಡ್ರೋನ್ ಸಿಂಪಡಣೆಯ ಕಾರ್ಯವಿಧಾನವನ್ನು ಪ್ರಕಟಿಸಿತು. 2023ರ ನವೆಂಬರಿನಲ್ಲಿ ಮಂಜೂರಾದ ‘ನಮೋ ಡ್ರೋನ್ ದೀದಿ’ ಯೋಜನೆ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಲು 1,261 ಕೋಟಿ ರೂಪಾಯಿ ಎತ್ತಿಟ್ಟಿತು. ಹವ್ಯಾಸಿಗೆ ಇರುವ ರಿಯಾಯಿತಿ ಇಲ್ಲಿಲ್ಲ. ಬಾಡಿಗೆಗೆ ಔಷಧಿ ಹೊಡೆಯುವ ಡ್ರೋನ್‌ಗೆ ಟೈಪ್ ಸರ್ಟಿಫಿಕೇಟ್ ಇರಬೇಕು, ಹಾರಿಸುವವರು ಮಾನ್ಯತೆಯ ಸಂಸ್ಥೆಯಲ್ಲಿ ತರಬೇತಿ ಪಡೆದು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಹೊಂದಿರಬೇಕು.

ಜೆಟ್‌ಗೂ ಸಿಂಪಡಣೆಯ ಡ್ರೋನ್‌ಗೂ ಫೇಲ್‌ಸೇಫ್ ಬೇರೆ ಬೇರೆ. ಜೆಟ್ ನಿಲ್ಲಲಾರದು, ಆದ್ದರಿಂದ ಅದರ ಎಂಜಿನ್ ಆರಿಸಬೇಕು. ಡ್ರೋನ್ ಇದ್ದಲ್ಲೇ ನಿಲ್ಲಬಲ್ಲದು. ಸಂಕೇತ ತಪ್ಪಿದರೆ ಗೊತ್ತುಮಾಡಿದ ಎತ್ತರಕ್ಕೆ ಏರಿ, ಹೊರಟ ಜಾಗಕ್ಕೆ ನೇರ ಗೆರೆಯಲ್ಲಿ ಮರಳುತ್ತದೆ. ಅಪಾಯ ಇರುವುದೇ ಈ ನೇರ ಗೆರೆಯಲ್ಲಿ. ಹೊಲದ ಬದುವಿನ ಬೇವಿನ ಮರ, ಬಾವಿಯ ಪಂಪ್‌ಸೆಟ್ಟಿನ ವಿದ್ಯುತ್ ಕಂಬ, ದ್ರಾಕ್ಷಿ ತೋಟದ ಚಪ್ಪರದ ತಂತಿ ದಾರಿಯಲ್ಲಿ ಇದ್ದರೆ ಡ್ರೋನ್ ಅವನ್ನು ಗುರುತಿಸದೆ ಹೋಗಬಹುದು. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಎನ್‌ಟಿಪಿಸಿ ಸ್ಥಾವರವಿದೆ, ಆಲಮಟ್ಟಿಯಲ್ಲಿ ಜಲವಿದ್ಯುತ್ ಕೇಂದ್ರವಿದೆ. ಅಲ್ಲಿಂದ ಹೊರಡುವ ಹೈಟೆನ್ಷನ್ ತಂತಿಗಳು ಹೊಲಗಳ ಮೇಲೆಯೇ ಹಾಯ್ದಿವೆ. ಮರಳುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ಅಡ್ಡಿಗಿಂತ ಮೇಲಕ್ಕೆ ಇಡಬೇಕು. ತಂತಿಯ ಒಂದು ಮಗ್ಗುಲಲ್ಲಿ ಹಾರಿಸಿ ಇನ್ನೊಂದು ಮಗ್ಗುಲಿನ ಹೊಲಕ್ಕೆ ಹೊಡೆಯುವ ಕೆಲಸಕ್ಕೆ ಹೋಗಬಾರದು. ಹೊರಡುವ ಜಾಗವನ್ನು ಟ್ರ್ಯಾಕ್ಟರ್, ಕೊಳವೆಬಾವಿಯ ಕಬ್ಬಿಣದ ಪೈಪುಗಳಿಂದ ದೂರ ಇಡಬೇಕು, ಏಕೆಂದರೆ ಕಬ್ಬಿಣ ಡ್ರೋನ್‌ನ ದಿಕ್ಸೂಚಿಯನ್ನು ಕೆಡಿಸುತ್ತದೆ. ಸುತ್ತಲಿನ ಜನರಿಗೆ ಮೊದಲೇ ತಿಳಿಸಿ, ಜನ ದನಗಳನ್ನು ಹೊಲದಿಂದ ಹೊರಗಿಡಬೇಕೆಂದು ಸರ್ಕಾರದ ಕಾರ್ಯವಿಧಾನ ಹೇಳುತ್ತದೆ. ತುಂಬಿದ ಟ್ಯಾಂಕಿನೊಂದಿಗೆ ಸುಮಾರು 25 ಕೆ.ಜಿ. ತೂಗುವ ಯಂತ್ರ ಬ್ಯಾಟರಿ ಬಿಸಿಯಾಗಿ ಸೋತರೆ ಎಲ್ಲಿ ಬಿದ್ದೀತೆಂದು ಲೆಕ್ಕ ಹಾಕಿ, ಆ ಜಾಗದಲ್ಲಿ ಯಾರೂ ನಿಲ್ಲದಂತೆ ನೋಡಿಕೊಂಡ ಮೇಲೆಯೇ ಪೈಲಟ್ ಟ್ರಾನ್ಸ್‌ಮಿಟರನ್ನು ಕೈಗೆತ್ತಿಕೊಳ್ಳಬೇಕು.